ಹಳೇ ಟೈಮು, ಹೊಸ ಟೈಮು

ರಾತ್ರಿ 11 ಗಂಟೆ, 36 ನಿಮಿಷ, 40 ಸೆಕೆಂಡು. ಈ ಸಮಯ ನನ್ನನ್ನು ಮೂರು ದಿನ ನಿದ್ದೆ ಮಾಡಲು ಬಿಡಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮುಂಬೈಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಂದು ಪ್ರಾಜೆಕ್ಟ್‌ನಲ್ಲಿ ಪಿಂಚಣಿದಾರರ ದಾಖಲೆಗಳನ್ನು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸುತ್ತಿದ್ದೆವು. ಹೆಸರು, ಖಾತೆ ಸಂಖ್ಯೆ, ಹುಟ್ಟಿದ ದಿನಾಂಕ ಮೂರೂ ಹೊಂದಿದರೆ ಮಾತ್ರ ಆ ತಿಂಗಳ ಹಣ ಹೋಗುತ್ತದೆ. ಲಕ್ಷಗಟ್ಟಲೆ ಜನರದ್ದು ಹೊಂದಿತು. ಕೆಲವು ಸಾವಿರ ಜನರದ್ದು ಹೊಂದಲಿಲ್ಲ. ಹೊಂದದವರೆಲ್ಲ ಒಂದೇ ರೀತಿ ತಪ್ಪಿದ್ದರು. ಅವರ ಹುಟ್ಟಿದ ದಿನಾಂಕ ಸರಿಯಾಗಿ ಒಂದು ದಿನ ಹಿಂದಕ್ಕೆ ಹೋಗಿತ್ತು.

ಒಂದು ದಿನದ ವ್ಯತ್ಯಾಸ ತಾನೆ, ಸರಿಪಡಿಸಿದರಾಯಿತು ಎಂದು ನಮಗೆ ಅನ್ನಿಸಬಹುದು. ಸೊಲ್ಲಾಪುರದ ಕಡೆಯಿಂದ ಒಬ್ಬರು ಅಜ್ಜಿಯ ಮೊಮ್ಮಗ ಫೋನ್ ಮಾಡುತ್ತಿದ್ದ. ಎರಡು ತಿಂಗಳ ಪಿಂಚಣಿ ಬಂದಿರಲಿಲ್ಲ. ಔಷಧದ ಅಂಗಡಿಯಲ್ಲಿ ಸಾಲ. ಅಜ್ಜಿ ಬದುಕಿದ್ದಾರೆಂಬ ಪ್ರಮಾಣಪತ್ರ ಇದೆ, ಆಧಾರ್ ಇದೆ, ಬೆರಳಚ್ಚು ಇದೆ. ಆದರೆ ನಮ್ಮ ಕಂಪ್ಯೂಟರಿನ ಪ್ರಕಾರ ಅವರು ಅವರಲ್ಲ. ಬ್ಯಾಂಕಿನವರು ಅಜ್ಜಿಯ ಮೇಲೇ ಅನುಮಾನಪಟ್ಟು, ಶಾಲೆಯ ದಾಖಲೆ ತನ್ನಿ ಅಂದಿದ್ದರಂತೆ. ಅಜ್ಜಿ ಶಾಲೆಗೆ ಹೋದವರಲ್ಲ.

ನನ್ನ ತಂಡದ ಹುಡುಗರು ಮೊದಲು ಡೇಟಾ ಎಂಟ್ರಿಯ ತಪ್ಪು ಅಂದರು. ಹಾಗಾದರೆ ತಪ್ಪೆಲ್ಲ ಒಂದೇ ದಿಕ್ಕಿಗೆ ಹೇಗೆ ಬಿತ್ತು? ಪಟ್ಟಿಯನ್ನು ಹುಟ್ಟಿದ ವರ್ಷದ ಪ್ರಕಾರ ಜೋಡಿಸಿ ನೋಡಿದೆ. 1946ರಿಂದ ಈಚೆಗೆ ಹುಟ್ಟಿದವರಲ್ಲಿ ಒಬ್ಬರೂ ಇಲ್ಲ. 1942ರ ಸೆಪ್ಟೆಂಬರ್ 2ರಿಂದ 1945ರ ಅಕ್ಟೋಬರ್ 14ರವರೆಗೆ ಹುಟ್ಟಿದವರು ಎಲ್ಲರೂ ಇದ್ದಾರೆ. ಅದಕ್ಕೂ ಹಿಂದೆ ಹೋದರೆ ಗೊಂದಲ. 1938ರ ಒಂದೇ ದಿನ ಹುಟ್ಟಿದ ಇಬ್ಬರಲ್ಲಿ ಒಬ್ಬರದು ಸರಿ, ಇನ್ನೊಬ್ಬರದು ತಪ್ಪು. ದಿನಾಂಕದ ಹಿಂದೆ ಅಡಗಿದ್ದ ಗಂಟೆ ನಿಮಿಷಗಳನ್ನು ಹೊರತೆಗೆದು ನೋಡಿದಾಗ ಯುದ್ಧದ ವರ್ಷಗಳವರದು ಹಿಂದಿನ ರಾತ್ರಿ ಸರಿಯಾಗಿ 11 ಗಂಟೆ. ಅದಕ್ಕೂ ಹಳಬರದು 11 ಗಂಟೆ 36 ನಿಮಿಷ 40 ಸೆಕೆಂಡು.

ಮಧ್ಯರಾತ್ರಿಗೆ 23 ನಿಮಿಷ 20 ಸೆಕೆಂಡು ಕಡಿಮೆ. ಯಾವ ಪ್ರೋಗ್ರಾಮರ್ ತಾನೆ ಇಂಥ ಸಂಖ್ಯೆ ಬರೆದಾನು? ಇದು ಮನುಷ್ಯರು ಮಾಡಿದ ಲೆಕ್ಕದ ವಾಸನೆಯಲ್ಲ, ಆಕಾಶದ ಲೆಕ್ಕದ ವಾಸನೆ ಎಂದು ಮೂರನೆಯ ರಾತ್ರಿ ಹೊಳೆಯಿತು.

ಜಾವಾ ಬಳಸದ ಓದುಗರಿಗಾಗಿ ಒಂದು ಮಾತು. ಜಾವಾದ ಹಳೆಯ 'ಡೇಟ್' ಎಂಬುದು ಹೆಸರಿಗೆ ಮಾತ್ರ ದಿನಾಂಕ. ಒಳಗೆ ಅದೊಂದು ಸಂಖ್ಯೆ. 1970ರ ಜನವರಿ 1ರಂದು ಗ್ರೀನಿಚ್‌ನಲ್ಲಿ ಮಧ್ಯರಾತ್ರಿ ಆದಾಗಿನಿಂದ ಎಷ್ಟು ಮಿಲಿಸೆಕೆಂಡು ಕಳೆಯಿತು ಎಂಬುದಷ್ಟೇ. ಅದಕ್ಕೂ ಮುಂಚೆ ಹುಟ್ಟಿದವರಿಗೆ ಋಣ ಸಂಖ್ಯೆ. ನೀವು '14-3-1944' ಎಂದು ಟೈಪ್ ಮಾಡಿದರೆ ಜಾವಾ ಅದನ್ನು ಆ ದಿನದ ಮಧ್ಯರಾತ್ರಿ ಎಂದುಕೊಂಡು, ಭಾರತದಲ್ಲಿ ಆಗ ಮಧ್ಯರಾತ್ರಿಯಾದರೆ ಗ್ರೀನಿಚ್‌ನಲ್ಲಿ ಎಷ್ಟು ಗಂಟೆ ಎಂದು ಒಂದು ಪಟ್ಟಿ ನೋಡಿ, ಕಳೆದು, ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ನಮ್ಮ ಹಳೆಯ ವ್ಯವಸ್ಥೆ ಆ ಸಂಖ್ಯೆಯನ್ನೇ ಡೇಟಾಬೇಸ್‌ಗೆ ಬರೆದಿತ್ತು. ಹೊಸ ವ್ಯವಸ್ಥೆಯವರು ಅದನ್ನು ಓದಿ, ಭಾರತ ತಾನೆ, ಐದೂವರೆ ಗಂಟೆ ಎಂದು 330 ನಿಮಿಷ ಕೂಡಿಸಿ ದಿನಾಂಕ ತೆಗೆದರು. ಭಾರತಕ್ಕೆ ಐದೂವರೆ ಗಂಟೆ ಎನ್ನುವುದರಲ್ಲಿ ತಪ್ಪೇನು? ನಾನೂ ಹಾಗೇ ಬರೆಯುತ್ತಿದ್ದೆ. ಡೇಲೈಟ್ ಸೇವಿಂಗ್ ಎಂಬ ರಗಳೆ ಅಮೆರಿಕದವರಿಗೆ, ಯುರೋಪಿನವರಿಗೆ. ನಮಗೆ ಒಂದೇ ದೇಶ, ಒಂದೇ ಸಮಯ ಎಂದು ನಂಬಿಕೊಂಡು ಇಪ್ಪತ್ತು ವರ್ಷ ಕೋಡ್ ಬರೆದವನು ನಾನು.

ಆ ರಾತ್ರಿ ಜಾವಾ ನೋಡುವ ಪಟ್ಟಿಯನ್ನು ತೆರೆದೆ. 'ಏಷ್ಯಾ/ಕೋಲ್ಕತಾ' ಎಂಬ ಹೆಸರಿನಡಿ ಭಾರತಕ್ಕೆ ಎಂಟು ಸಾಲುಗಳಿವೆ. ಮೊದಲ ಸಾಲು ಕಲ್ಕತ್ತೆಯ ಸ್ಥಳೀಯ ಸಮಯ, ಗ್ರೀನಿಚ್‌ಗಿಂತ 5 ಗಂಟೆ 53 ನಿಮಿಷ 28 ಸೆಕೆಂಡು ಮುಂದೆ. 1854ರಿಂದ 5:53:20, ಹೌರಾ ಸಮಯ ಇರಬಹುದೇ ಎಂಬ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ. 1870ರಿಂದ 5:21:10, ಮದ್ರಾಸ್ ಸಮಯ. 1906ರ ಜನವರಿ 1ರಿಂದ 5:30. 1941ರ ಅಕ್ಟೋಬರ್‌ನಿಂದ ಆರೂವರೆ. 1942ರ ಮೇ 15ಕ್ಕೆ ಮತ್ತೆ ಐದೂವರೆ. ಅದೇ ವರ್ಷ ಸೆಪ್ಟೆಂಬರ್‌ನಿಂದ ಮತ್ತೆ ಆರೂವರೆ. 1945ರ ಅಕ್ಟೋಬರ್ 15ರಿಂದ ಇಂದಿನವರೆಗೆ ಐದೂವರೆ. ಎಂಟು ಸಾಲುಗಳಲ್ಲಿ ಕಂಪನಿ ಸರಕಾರ, ರೈಲು, ಕರ್ಜನ್ ಕಾಲ, ಮಹಾಯುದ್ಧ ಎಲ್ಲ ಇವೆ. ಹಾಗೆಯೇ ಬಿಟ್ಟುಹೋದದ್ದೂ ಇದೆ. ನಾನು ಕೂತಿದ್ದ ಊರಿನ ಸಮಯವೇ ಅದರಲ್ಲಿ ಇರಲಿಲ್ಲ.

ಗಡಿಯಾರದ ಸಮಯ ಮೊದಲು ಊರಿಗೊಂದು ಇತ್ತು. ಸೂರ್ಯ ನೆತ್ತಿಯ ಮೇಲೆ ಬಂದಾಗ ಹನ್ನೆರಡು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು, ಹಾಗಾಗಿ ರೇಖಾಂಶ ಗೊತ್ತಿದ್ದರೆ ಸಮಯ ಗೊತ್ತು. ಹುಬ್ಬಳ್ಳಿ ಧಾರವಾಡ ಸುಮಾರು 75 ಡಿಗ್ರಿಯಲ್ಲಿವೆ, ಅಂದರೆ ಗ್ರೀನಿಚ್‌ಗಿಂತ ಐದೇ ಗಂಟೆ ಮುಂದೆ. ಬೆಂಗಳೂರಿಗೆ ಇನ್ನೊಂದು ಹತ್ತು ನಿಮಿಷ ಹೆಚ್ಚು. ಮುಂಬೈಗೆ 4 ಗಂಟೆ 51 ನಿಮಿಷ. ಎತ್ತಿನ ಗಾಡಿಯಲ್ಲಿ ಓಡಾಡುವವರಿಗೆ ಈ ವ್ಯತ್ಯಾಸಗಳಿಂದ ಏನೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ರೈಲು ಮತ್ತು ತಂತಿಯಿಂದ. ಬೊಂಬಾಯಿಯಿಂದ ಹೊರಟ ಗಾಡಿ ಯಾವ ಗಡಿಯಾರದ ಪ್ರಕಾರ ರಾಯಚೂರು ಮುಟ್ಟಬೇಕು? ಒಂದೇ ಹಳಿಯ ಮೇಲೆ ಎದುರುಬದರು ಬರುವ ಎರಡು ಗಾಡಿಗಳ ಗಾರ್ಡುಗಳ ಕೈಗಡಿಯಾರದಲ್ಲಿ ಅರ್ಧ ಗಂಟೆ ವ್ಯತ್ಯಾಸ ಇದ್ದರೆ ಅದು ಬರಿಯ ಅನನುಕೂಲವಲ್ಲ.

ರೈಲಿನವರು ಮದ್ರಾಸಿನ ಸಮಯ ಹಿಡಿದರು. ಕಾರಣ ಸರಳ. ಮದ್ರಾಸಿನಲ್ಲಿ ಕಂಪನಿಯ ವೀಕ್ಷಣಾಲಯ 1792ರಿಂದಲೇ ಇತ್ತು, ನಕ್ಷತ್ರ ನೋಡಿ ಸಮಯ ಹೇಳುವ ಖಗೋಳಜ್ಞರಿದ್ದರು. ಕೋಟೆಯಿಂದ ರಾತ್ರಿ ಎಂಟಕ್ಕೆ ಫಿರಂಗಿ ಹಾರಿಸಿ ಊರಿಗೆ ಸಮಯ ಸಾರುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ ಮದ್ರಾಸಿನ ಸಮಯ ಬೊಂಬಾಯಿಗಿಂತ 30 ನಿಮಿಷ ಮುಂದೆ, ಕಲ್ಕತ್ತೆಗಿಂತ 32 ನಿಮಿಷ ಹಿಂದೆ. ಇಬ್ಬರು ಜಗಳಗಂಟ ಅಣ್ಣತಮ್ಮಂದಿರ ನಡುವೆ ಕೂತ ಮೂರನೆಯವನ ಹಾಗೆ. 1884ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿ ಗ್ರೀನಿಚ್ಚನ್ನು ಸೊನ್ನೆ ರೇಖಾಂಶ ಮಾಡಿದ ಮೇಲೆ ಮದ್ರಾಸಿನ 5:21:10 ಎಂಬ ಬೆಸ ಲೆಕ್ಕ ಸರಕಾರಕ್ಕೆ ಹಳೆಯ ಕಾಲದ್ದಾಗಿ ಕಂಡಿತು. 82.5 ಡಿಗ್ರಿ ರೇಖಾಂಶ ಹಿಡಿದರೆ ಸರಿಯಾಗಿ ಐದೂವರೆ ಗಂಟೆ. 1906ರ ಜನವರಿ 1ರಿಂದ ಅದೇ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್.

ಇಲ್ಲಿಯವರೆಗೆ ಜಾವಾದ ಪಟ್ಟಿಯಲ್ಲಿದೆ. ಮುಂದಿನದು ಇಲ್ಲ.

ಬೊಂಬಾಯಿ ಒಪ್ಪಲಿಲ್ಲ. ಇದು ಅವರಿಗೆ ಮೊದಲ ಜಗಳವೂ ಅಲ್ಲ. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗ್ಯುಸನ್ ಬೊಂಬಾಯಿಯ ಸರಕಾರಿ ಕಚೇರಿಗಳಿಗೆ ಮದ್ರಾಸ್ ಸಮಯ ಹೇರಲು ನೋಡಿ, ಊರಿನ ವಿರೋಧಕ್ಕೆ ಮಣಿದು ಎರಡು ವರ್ಷಕ್ಕೆ ಹಿಂದೆ ತೆಗೆದುಕೊಂಡಿದ್ದರು. 1906ರಲ್ಲಿ ಗಡಿಯಾರ ಒಂದೇ ಏಟಿಗೆ 39 ನಿಮಿಷ ಮುಂದೆ ಹೋಗಬೇಕಾಗಿತ್ತು. 39 ನಿಮಿಷ ಅಂದರೆ ಏನು ಎಂದು ಕಚೇರಿಯಲ್ಲಿ ಕೂತವರಿಗೆ ಗೊತ್ತಾಗದು. ಆಗ ಹತ್ತಿಗಿರಣಿಗಳ ಕಾಲ. ಗಿರಣಿಯ ಭೋಂಗಾ ಸೂರ್ಯನ ಲೆಕ್ಕದಲ್ಲಿ 39 ನಿಮಿಷ ಮೊದಲೇ ಕೂಗಿದರೆ, ಪರಳಿನ ಚಾಳಿನಲ್ಲಿ ಮಲಗಿದ ಹೆಂಗಸು ಕತ್ತಲಲ್ಲಿ ಎದ್ದು ನಲ್ಲಿಗೆ ಪಾಳಿ ಹಚ್ಚಬೇಕು. ಜನವರಿಯ ಮೊದಲ ವಾರದಲ್ಲೇ ಸಾವಿರಾರು ಗಿರಣಿ ಕಾರ್ಮಿಕರು ಮಗ್ಗ ಮುಟ್ಟಲು ಒಪ್ಪದೆ ಹೊರಬಂದು ಕಲ್ಲು ತೂರಿದರು. ಬಂಗಾಳದ ವಿಭಜನೆಯಾಗಿ ಮೂರು ತಿಂಗಳಾಗಿತ್ತಷ್ಟೆ. ಸರಕಾರ ಮುಟ್ಟಿದ್ದೆಲ್ಲ ಆಗ ಬಿಸಿಯೇ. ಬಡವರು ಒಂದು ಕಾರಣಕ್ಕೆ, ಶೆಟ್ಟಿ ಸಾಹುಕಾರರು ಇನ್ನೊಂದು ಕಾರಣಕ್ಕೆ, ದೇವರ ಪೂಜೆ ನಮಾಜುಗಳ ಹೊತ್ತನ್ನು ಸೂರ್ಯನ ಮೇಲೆ ಎಣಿಸುವವರು ಮತ್ತೊಂದು ಕಾರಣಕ್ಕೆ, ಎಲ್ಲರೂ ಒಂದಾದರು. ಸೂರ್ಯನನ್ನೂ ಇವರು ಸರಕಾರಿ ನೌಕರ ಮಾಡಹೊರಟರು ಎಂಬ ಸಿಟ್ಟು ಅದು.

ಊರಿನ ಮುನಿಸಿಪಲ್ ಕಾರ್ಪೊರೇಶನ್ ತನ್ನ ಗಡಿಯಾರಗಳನ್ನು ಬಾಂಬೆ ಟೈಮಿಗೆ ವಾಪಸು ತಿರುಗಿಸಿತು. ಆಮೇಲೆ ನಡೆದದ್ದು ತಮಾಷೆಯೂ ಹೌದು, ದುರಂತವೂ ಹೌದು. ರೈಲು, ಅಂಚೆ, ಸರಕಾರಿ ಕಚೇರಿಗಳು ಸ್ಟ್ಯಾಂಡರ್ಡ್ ಟೈಮಿನಲ್ಲಿ. ಕಾರ್ಪೊರೇಶನ್ನಿನ ಗಡಿಯಾರಗಳು ಬಾಂಬೆ ಟೈಮಿನಲ್ಲಿ. ಬೋರಿ ಬಂದರಿನ ನಿಲ್ದಾಣದಲ್ಲಿ ಒಂದು ಸಮಯ, ರಸ್ತೆ ದಾಟಿ ಎದುರಿನ ಕಾರ್ಪೊರೇಶನ್ ಕಟ್ಟಡಕ್ಕೆ ಬಂದರೆ 39 ನಿಮಿಷ ಹಿಂದೆ. ಇಂದಿಗೂ ಆ ಎರಡು ಕಟ್ಟಡಗಳು ಮುಖಾಮುಖಿ ನಿಂತಿವೆ. ನಾನು ದಿನಾ ಅವೆರಡರ ನಡುವೆ ದಾಟಿ ಹೋಗುತ್ತೇನೆ. ಈ ಗಡಿಯಾರಗಳ ಕದನ ಸ್ವಾತಂತ್ರ್ಯ ಬಂದ ಮೇಲೂ ಕೆಲಕಾಲ ಉಳಿಯಿತು. ಸ್ಟ್ಯಾಂಡರ್ಡ್ ಟೈಮ್ ಬ್ರಿಟಿಷರ ಹೇರಿಕೆ ಎಂದು ಬೈಯುತ್ತಿದ್ದ ಊರು, ಬ್ರಿಟಿಷರು ಹೋದ ಮೇಲೆ ಅದನ್ನೇ ರಾಷ್ಟ್ರದ ಸಮಯ ಎಂದು ಒಪ್ಪಿಕೊಂಡಿತು. ನಮ್ಮ ಉಡುಪಿ ಕುಂದಾಪುರದ ಕಡೆಯವರು ಇಲ್ಲಿ ಬಂದು ಹೋಟೆಲು ಹಚ್ಚಿದ ಮೊದಲ ದಶಕಗಳು ಅವೇ. ದೋಸೆಯ ಕಾವಲಿ ಕಾಯಲು ಇಡುವ ಹೊತ್ತು ಗಿರಣಿಯ ಭೋಂಗಾದ ಮೇಲೆ ನಿಂತಿದ್ದಾಗ, ಊರಿಗೆ ಹೋಗುವ ಗಾಡಿಯ ಹೊತ್ತಿಗೆ ಮನಸ್ಸಿನಲ್ಲೇ 39 ಕೂಡಿಸಿಕೊಳ್ಳಬೇಕಾಗಿತ್ತು. ಇದು ಜಾವಾಕ್ಕೆ ಗೊತ್ತಿಲ್ಲ. 1920ರ ಬೊಂಬಾಯಿಯ ಒಂದು ಘಟನೆಯ ಸಮಯವನ್ನು ಜಾವಾಗೆ ಕೊಟ್ಟರೆ ಅದು ಅಲುಗಾಡದೆ ಐದೂವರೆ ಎನ್ನುತ್ತದೆ.

ಕಲ್ಕತ್ತೆಯೂ ತನ್ನ ಸಮಯವನ್ನು ಬಹಳ ವರ್ಷ ಬಿಡಲಿಲ್ಲ. ಅದು ಸ್ಟ್ಯಾಂಡರ್ಡ್ ಟೈಮಿಗಿಂತ ಸರಿಯಾಗಿ 23 ನಿಮಿಷ 20 ಸೆಕೆಂಡು ಮುಂದೆ. ಓದುಗರಿಗೆ ಆ ಸಂಖ್ಯೆ ನೆನಪಿರಬೇಕು. ನನ್ನ ಮೂರು ರಾತ್ರಿಗಳ ಕಳ್ಳ ಸಿಕ್ಕಿದ್ದ. ಆದರೆ ಪಟ್ಟಿಯಲ್ಲಿ 1906ರಿಂದಲೇ ಐದೂವರೆ ಎಂದಿರುವಾಗ 1938ರಲ್ಲಿ ಹುಟ್ಟಿದವರಿಗೆ ಕಲ್ಕತ್ತೆಯ ಸಮಯ ಎಲ್ಲಿಂದ ಅಂಟಿಕೊಂಡಿತು? ಇದಕ್ಕೆ ಉತ್ತರ ಬೇಕಾದರೆ ಆ ಪಟ್ಟಿ ಬರೆಯುವವರು ಯಾರು ಎಂದು ನೋಡಬೇಕು.

ಅಮೆರಿಕದ ಮೇರಿಲ್ಯಾಂಡಿನಲ್ಲಿ, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಆರ್ಥರ್ ಡೇವಿಡ್ ಓಲ್ಸನ್ ಎಂಬವರು 1980ರ ದಶಕದ ನಡುವಿನಲ್ಲಿ ಯುನಿಕ್ಸ್ ಯಂತ್ರಗಳಿಗಾಗಿ ಇದನ್ನು ಶುರು ಮಾಡಿದರು. ಡೇಲೈಟ್ ಸೇವಿಂಗ್ ಎಂಬುದು ಶಾಸಕರ ಕೈಯಲ್ಲಿದ್ದ ವಿಷಯ, ಪ್ರೋಗ್ರಾಮಿನ ಒಳಗೆ ಬರೆದಿಟ್ಟರೆ ಪ್ರತಿ ಸಲ ಪ್ರೋಗ್ರಾಮ್ ಬದಲಿಸಬೇಕು, ಅದರ ಬದಲು ಹೊರಗೊಂದು ಕೋಷ್ಟಕ ಇಡೋಣ ಎಂಬ ವಿಚಾರ. ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಎಗರ್ಟ್ ಸೇರಿಕೊಂಡರು. ಪ್ರಪಂಚದ ಎಲ್ಲ ಫೋನು, ಸರ್ವರು, ಬ್ಯಾಂಕುಗಳು ನಂಬಿಕೊಂಡ ಪಟ್ಟಿಯನ್ನು ಸ್ವಯಂಸೇವಕರು ಇಮೇಲ್ ಮೂಲಕ ಚರ್ಚಿಸಿ ತಿದ್ದುತ್ತಾರೆ. ಯಾವುದೋ ದೇಶದ ಸಚಿವ ಸಂಪುಟ ಮುಂದಿನ ವಾರದಿಂದ ಗಡಿಯಾರ ಬದಲಿಸುತ್ತೇವೆ ಎಂದರೆ ಇವರಿಗೆ ರಜೆ ಇಲ್ಲ.

ಹಳೆಯ ಕಾಲದ ಸಮಯಗಳನ್ನು ಇವರು ಎಲ್ಲಿಂದ ತಂದರು ಎಂಬುದೇ ಸ್ವಾರಸ್ಯ. ಬಹುಪಾಲು ಥಾಮಸ್ ಶ್ಯಾಂಕ್ಸ್ ಎಂಬವರ ಅಟ್ಲಾಸುಗಳಿಂದ. ಆ ಅಟ್ಲಾಸುಗಳನ್ನು ಕೊಳ್ಳುತ್ತಿದ್ದವರು ಯಾರು? ಜ್ಯೋತಿಷಿಗಳು! ಜಗತ್ತಿನ ಯಾವ ಊರಿನಲ್ಲಿ ಯಾವ ವರ್ಷ ಯಾವ ಗಡಿಯಾರ ನಡೆಯುತ್ತಿತ್ತು ಎಂದು ದುಡ್ಡು ಕೊಟ್ಟು ತಿಳಿಯುವ ಅಗತ್ಯ ಮತ್ತಾರಿಗಿದೆ? ಜಾತಕ ಬರೆಯಲು ಹುಟ್ಟಿದ ಕ್ಷಣ ಬೇಕು. 2011ರ ಸೆಪ್ಟೆಂಬರ್‌ನಲ್ಲಿ ಆ ಅಟ್ಲಾಸಿನ ಹಕ್ಕು ಪಡೆದಿದ್ದ ಆಸ್ಟ್ರೋಲೇಬ್ ಎಂಬ ಜ್ಯೋತಿಷ್ಯ ಸಾಫ್ಟ್‌ವೇರ್ ಕಂಪನಿ ಓಲ್ಸನ್ ಮತ್ತು ಎಗರ್ಟ್ ಇಬ್ಬರ ಮೇಲೆ ಬಾಸ್ಟನ್ನಿನಲ್ಲಿ ದಾವೆ ಹೂಡಿತು. ಪಟ್ಟಿ ಕೆಲವು ದಿನ ನಿಂತೇ ಹೋಯಿತು. ಇಂಟರ್ನೆಟ್ಟಿನ ಹೆಸರು ಮತ್ತು ಸಂಖ್ಯೆಗಳನ್ನು ನೋಡಿಕೊಳ್ಳುವ ಐಯಾನಾ ಸಂಸ್ಥೆ ಅದನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. 2012ರ ಫೆಬ್ರವರಿಯಲ್ಲಿ ಕಂಪನಿ ದಾವೆ ಹಿಂತೆಗೆದುಕೊಂಡು ತಪ್ಪಾಯಿತು ಎಂದಿತು. ಇತಿಹಾಸದ ಸಂಗತಿಗೆ ಯಾರೂ ಮಾಲೀಕರಲ್ಲ ಎಂಬುದು ಗೆದ್ದವರ ವಾದವಾಗಿತ್ತು. ಆ ಸಂಗತಿಗಳೆಲ್ಲ ನಿಜವೇ ಎಂಬುದು ಬೇರೆ ಪ್ರಶ್ನೆ. ಶ್ಯಾಂಕ್ಸ್ ಕೊಟ್ಟದ್ದರಲ್ಲಿ ಊಹೆ ಬಹಳ ಎಂದು ಪಟ್ಟಿಯವರೇ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾರೆ.

ಭಾರತದ ವಿಷಯದಲ್ಲಿ ಪಟ್ಟಿ ಬಹಳ ವರ್ಷ ಹೇಳುತ್ತಿದ್ದದ್ದು ಹೀಗೆ: 1941ರ ಅಕ್ಟೋಬರ್‌ವರೆಗೆ 5:53:20. ಅಂದರೆ ಕಲ್ಕತ್ತೆಯ ಗಡಿಯಾರವೇ ಇಡೀ ಭಾರತದ್ದು. ವಲಯದ ಹೆಸರು ಆ ಊರಿನದು, ಹಾಗಾಗಿ ಇತಿಹಾಸವೂ ಅದರದ್ದೇ. ಆಮೇಲೆ ಯಾರೋ ತಿದ್ದಿ 1870ರ ಮದ್ರಾಸ್ ಸಮಯವನ್ನೂ 1906ರ ಸ್ಟ್ಯಾಂಡರ್ಡ್ ಸಮಯವನ್ನೂ ಸೇರಿಸಿದರು. ಜಾವಾದ ಪ್ರತಿ ಆವೃತ್ತಿಯೂ ಬಿಡುಗಡೆಯ ಹೊತ್ತಿನ ಪಟ್ಟಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತದೆ. ನಮ್ಮ ಹಳೆಯ ವ್ಯವಸ್ಥೆಯ ಸರ್ವರಿನಲ್ಲಿ ಒಂದು ರಾತ್ರಿ ಜಾವಾ ಅಪ್‌ಗ್ರೇಡ್ ಆಗಿತ್ತು. ಅದಕ್ಕೂ ಮುಂಚೆ ನಮೂದಾದ 1938ರ ಮನುಷ್ಯನ ಮಧ್ಯರಾತ್ರಿ ಕಲ್ಕತ್ತೆಯದು, ಆಮೇಲೆ ನಮೂದಾದವನದು ಸ್ಟ್ಯಾಂಡರ್ಡ್. ಮನುಷ್ಯರು ಹುಟ್ಟಿದ್ದು ಒಂದೇ ದಿನ. ಅವರ ನಡುವೆ 23 ನಿಮಿಷ 20 ಸೆಕೆಂಡಿನ ಬಿರುಕು ಬಂದದ್ದು ನಮ್ಮ ಕಾಲದಲ್ಲಿ, ಒಂದು ಸಾಧಾರಣ ಅಪ್‌ಗ್ರೇಡಿನಲ್ಲಿ.

ಹೀಗೆ ಮೋಸಹೋದವರು ನಾವೇ ಮೊದಲಿಗರಲ್ಲ. 2011ರಲ್ಲಿ ಜಾವಾ ಬಳಸುವ ಒಬ್ಬರು ಕೇಳಿದ ಪ್ರಶ್ನೆ ನಮ್ಮ ವೃತ್ತಿಯಲ್ಲಿ ಪುರಾಣದಷ್ಟು ಪ್ರಸಿದ್ಧ. ಶಾಂಘೈ ವಲಯದಲ್ಲಿ 1927ರ ಡಿಸೆಂಬರ್ 31ರ ರಾತ್ರಿ 11 ಗಂಟೆ 54 ನಿಮಿಷ 7 ಸೆಕೆಂಡು ಮತ್ತು 8 ಸೆಕೆಂಡು, ಈ ಎರಡರ ನಡುವೆ ಎಷ್ಟು ವ್ಯತ್ಯಾಸ ಎಂದು ಜಾವಾಗೆ ಕೇಳಿದರೆ ಒಂದು ಸೆಕೆಂಡಿನ ಬದಲು 353 ಸೆಕೆಂಡು ಬರುತ್ತದೆ, ಯಾಕೆ? ಆ ಮಧ್ಯರಾತ್ರಿ ಶಾಂಘೈಯ ಗಡಿಯಾರ 5 ನಿಮಿಷ 52 ಸೆಕೆಂಡು ಹಿಂದಕ್ಕೆ ಹೋಗಿ ಸ್ಥಳೀಯ ಸಮಯ ಬಿಟ್ಟು ಎಂಟು ಗಂಟೆಯ ಸಮಯ ಹಿಡಿಯಿತು ಎಂದು ಪಟ್ಟಿಯಲ್ಲಿತ್ತು. ಆಮೇಲೆ ಪಟ್ಟಿ ಬದಲಾಯಿತು, ಆ ಘಟನೆ ಹಲವು ವರ್ಷ ಹಿಂದಕ್ಕೆ ಸರಿಯಿತು. ಇವತ್ತು ಅದೇ ಕೋಡ್ ಓಡಿಸಿದರೆ ಒಂದು ಸೆಕೆಂಡು ಎನ್ನುತ್ತದೆ.

ಇನ್ನು ಯುದ್ಧದ ಆರೂವರೆ ಗಂಟೆ. ಬೇಸಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುವ ವಿಚಾರ ನ್ಯೂಜಿಲೆಂಡಿನ ಕೀಟಶಾಸ್ತ್ರಜ್ಞ ಜಾರ್ಜ್ ಹಡ್ಸನ್ನರದು, 1895ರಲ್ಲಿ. ಸಂಜೆ ಹುಳ ಹಿಡಿಯಲು ಅವರಿಗೆ ಬೆಳಕು ಬೇಕಿತ್ತು. ಇಂಗ್ಲೆಂಡಿನಲ್ಲಿ ಮನೆ ಕಟ್ಟಿಸುವ ಉದ್ಯಮಿ ವಿಲಿಯಂ ವಿಲೆಟ್ 1907ರಿಂದ ಇದರ ಬೆನ್ನುಹತ್ತಿ, ಕಾಯಿದೆ ಆಗುವುದನ್ನು ನೋಡದೆ ತೀರಿಕೊಂಡರು. ಅವರ ಮಾತು ಕೇಳದ ಸರಕಾರಗಳು ಯುದ್ಧ ಬಂದಾಗ ಕೇಳಿದವು. 1916ರ ಏಪ್ರಿಲ್ ಕೊನೆಗೆ ಜರ್ಮನಿ, ಮೇ ತಿಂಗಳಲ್ಲಿ ಬ್ರಿಟನ್. ಕಲ್ಲಿದ್ದಲು ಉಳಿಸಬೇಕಿತ್ತು. ಎರಡನೆಯ ಯುದ್ಧದಲ್ಲಿ ಬ್ರಿಟನ್ ಬೇಸಗೆಗೆ ಎರಡು ಗಂಟೆ ಮುಂದೆ ಹೋಯಿತು, ಭಾರತವನ್ನು ವರ್ಷಪೂರ್ತಿ ಒಂದು ಗಂಟೆ ಮುಂದೆ ಎಳೆಯಿತು. 1942ರ ಸೆಪ್ಟೆಂಬರ್ 1ರಿಂದ ಮೂರು ವರ್ಷ ಒಂದೂವರೆ ತಿಂಗಳು. ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ, ಸೆಪ್ಟೆಂಬರ್‌ನಲ್ಲಿ ಗಡಿಯಾರ. ಹುಬ್ಬಳ್ಳಿಯ ಸೂರ್ಯ ಗ್ರೀನಿಚ್‌ಗಿಂತ ಐದು ಗಂಟೆ ಮುಂದೆ, ಗಡಿಯಾರ ಆರೂವರೆ. ನೆತ್ತಿಯ ಮೇಲೆ ಸೂರ್ಯ ಬಂದಾಗ ಮಧ್ಯಾಹ್ನ ಒಂದೂವರೆ ಗಂಟೆ.

ನಮಗೆ ಡೇಲೈಟ್ ಸೇವಿಂಗ್ ಇಲ್ಲ ಎನ್ನುವ ಮಾತು 1945ರ ಅಕ್ಟೋಬರ್ 15ರಿಂದ ಮಾತ್ರ ನಿಜ. ಸೊಲ್ಲಾಪುರದ ಅಜ್ಜಿ ಹುಟ್ಟಿದ್ದು 1943ರಲ್ಲಿ. ಅವರ ಮಧ್ಯರಾತ್ರಿಯಿಂದ ಜಾವಾ ಆರೂವರೆ ಗಂಟೆ ಕಳೆಯಿತು, ಹೊಸ ವ್ಯವಸ್ಥೆ ಐದೂವರೆ ಕೂಡಿಸಿತು, ಅಜ್ಜಿ ಹಿಂದಿನ ದಿನ ರಾತ್ರಿ ಹನ್ನೊಂದಕ್ಕೆ ಬಿದ್ದರು. ಪಟ್ಟಿಯಲ್ಲಿ ಸೆಪ್ಟೆಂಬರ್ 1ರಂದು ಹುಟ್ಟಿದವರು ಯಾಕೆ ಸಿಕ್ಕಿಬೀಳಲಿಲ್ಲ ಎಂಬುದೂ ಬಗೆಹರಿಯಿತು. ಆ ದಿನ ಮಧ್ಯರಾತ್ರಿ ಹನ್ನೆರಡು ಹೊಡೆಯುವ ಕ್ಷಣಕ್ಕೇ ಗಡಿಯಾರ ಒಂದಕ್ಕೆ ಹಾರಿತು. ಹನ್ನೆರಡೂ ಕಾಲು ಎಂಬ ಹೊತ್ತು ಅಂದು ಭಾರತದಲ್ಲಿ ಇರಲೇ ಇಲ್ಲ. ಇಲ್ಲದ ಮಧ್ಯರಾತ್ರಿಯನ್ನು ಜಾವಾ ಒಂದು ಗಂಟೆಗೆ ಸರಿಸುತ್ತದೆ, ಹಾಗಾಗಿ ಕೂಡಿ ಕಳೆದು ಸರಿಹೋಯಿತು. ಅದೃಷ್ಟವಂತರು.

ಜಾವಾವನ್ನು ಬೈಯುವುದು ಸುಲಭ, ಬೈಯಬೇಕಾದ್ದೂ ಇದೆ. 1996ರ ಮೊದಲ ಆವೃತ್ತಿಯ 'ಡೇಟ್'ನಲ್ಲಿ ಜನವರಿ ಎಂದರೆ ಸೊನ್ನೆ, ವರ್ಷವನ್ನು 1900ರಿಂದ ಎಣಿಸಬೇಕು. ಮರುವರ್ಷವೇ ಅದರ ಬಹಳಷ್ಟನ್ನು ಬಳಸಬೇಡಿ ಎಂದು ಗುರುತು ಹಾಕಿ 'ಕ್ಯಾಲೆಂಡರ್' ತಂದರು. ಅದರಲ್ಲೂ ಜನವರಿ ಸೊನ್ನೆಯೇ. ಹಳೆಯ 'ಟೈಮ್‌ಝೋನ್'ಗೆ ಗೊತ್ತಿಲ್ಲದ ಹೆಸರು ಕೊಟ್ಟರೆ ತಪ್ಪು ಎಂದು ಕೂಗದೆ ಸುಮ್ಮನೆ ಗ್ರೀನಿಚ್ ಸಮಯ ಕೈಗಿಡುತ್ತದೆ. ಕಲ್ಕತ್ತೆ 2001ರಲ್ಲಿ ಕೋಲ್ಕತಾ ಆಯಿತು, ಕೆಲವು ವರ್ಷ ಬಿಟ್ಟು ಪಟ್ಟಿಯಲ್ಲೂ ಹೆಸರು ಬದಲಾಯಿತು. ಹೊಸ ಹೆಸರನ್ನು ಹಳೆಯ ಜಾವಾಗೆ ಕಳಿಸಿದರೆ ಐದೂವರೆ ಗಂಟೆ ಮಾಯ. ಹಾಗೆ ಐಎಸ್‌ಟಿ ಎಂದರೆ ಜಾವಾಗೆ ಇಂಡಿಯಾ, ಆದರೆ ಐರ್ಲೆಂಡಿಗೂ ಇಸ್ರೇಲಿಗೂ ಅದೇ ಮೂರಕ್ಷರ. ಬಿಎಸ್‌ಟಿ ಎಂದರೆ ಲಂಡನ್ನಿನವರು ತಮ್ಮ ಬೇಸಗೆ ಎಂದುಕೊಳ್ಳುತ್ತಾರೆ, ಜಾವಾ ಢಾಕಾಕ್ಕೆ ಕರೆದೊಯ್ಯುತ್ತದೆ.

2007ರ ಮಾರ್ಚ್ ನನಗೆ ಚೆನ್ನಾಗಿ ನೆನಪಿದೆ. ಆಗ ಪುಣೆಯಲ್ಲಿ ಹೊಸಬ. 2005ರಲ್ಲಿ ಮಾಡಿದ ಇಂಧನ ಕಾಯಿದೆಯ ಪ್ರಕಾರ ಅಮೆರಿಕ ತನ್ನ ಡೇಲೈಟ್ ಸೇವಿಂಗನ್ನು ಏಪ್ರಿಲ್ ಬದಲು ಮಾರ್ಚ್ ಎರಡನೆಯ ಭಾನುವಾರಕ್ಕೆ ತಂದಿತ್ತು. ಆ ವಾರ ನೂರಾರು ಸರ್ವರುಗಳ ಜಾವಾಕ್ಕೆ ಹೊಸ ಪಟ್ಟಿ ತುಂಬುತ್ತಾ ರಾತ್ರಿಯಿಡೀ ವಡಾಪಾವ್ ತಿಂದು ಕೂತಿದ್ದೆವು. ಪರದೇಶದವರ ಶಾಸನಸಭೆ ಗಡಿಯಾರ ತಿರುಗಿಸಿದರೆ ನಾವು ಯಾಕೆ ಎದ್ದಿರಬೇಕು ಎಂದು ಗೊಣಗಿದ್ದು ನೆನಪು. ಅದೇ ಪಟ್ಟಿಯಲ್ಲಿ ಕೆಳಗೆ ನಮ್ಮ ಸಾಲುಗಳೂ ಇದ್ದವು. ಓದಲಿಲ್ಲ.

ಈ ಗೋಜಲನ್ನು ಬಿಡಿಸಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಸ್ಟೀಫನ್ ಕೋಲ್‌ಬೋರ್ನ್. ಅವರು 2002ರ ಹೊತ್ತಿಗೆ ಜೋಡಾ-ಟೈಮ್ ಎಂಬುದನ್ನು ಕಟ್ಟಲು ತೊಡಗಿದರು, 2007ರಲ್ಲಿ ಅದರ ಅನುಭವದ ಮೇಲೆ ಜಾವಾಗೇ ಹೊಸ ವ್ಯವಸ್ಥೆಯ ಪ್ರಸ್ತಾಪವಾಯಿತು, 2014ರ ಮಾರ್ಚ್‌ನಲ್ಲಿ ಜಾವಾ 8ರೊಡನೆ ಅದು ಬಂತು. ಅವರು ಮಾಡಿದ ದೊಡ್ಡ ಕೆಲಸ ಜಾಣ ಲೆಕ್ಕವಲ್ಲ, ಮಾತುಗಳನ್ನು ಬೇರೆಬೇರೆ ಮಾಡಿದ್ದು. ಕ್ಷಣ ಬೇರೆ, ಗೋಡೆಯ ಗಡಿಯಾರ ತೋರಿಸುವುದು ಬೇರೆ, ಕ್ಯಾಲೆಂಡರಿನ ದಿನ ಬೇರೆ. ಜನ್ಮದಿನ ಎಂಬುದು ಕ್ಷಣವೇ ಅಲ್ಲ, ಅದು ಬರೀ ದಿನ. ಅದಕ್ಕೆ 'ಲೋಕಲ್‌ಡೇಟ್' ಎಂಬ ಬೇರೆ ಜಾತಿ. ಅದಕ್ಕೆ ಮಧ್ಯರಾತ್ರಿಯೂ ಇಲ್ಲ, ವಲಯವೂ ಇಲ್ಲ, ಗ್ರೀನಿಚ್ಚೂ ಇಲ್ಲ.

ಆ ವಾರಾಂತ್ಯ ಇದನ್ನೆಲ್ಲ ಫೋನಿನಲ್ಲಿ ದೊಡ್ಡವ್ವನಿಗೆ ಹೇಳಿದೆ. ಅವಳು ಹುಟ್ಟಿದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, 1944ರ ಮಾರ್ಚ್‌ನಲ್ಲಿ. ನಮ್ಮ ಮನೆಯಲ್ಲಿ ಅವಳ ಹುಟ್ಟುಹಬ್ಬದ ಬಗ್ಗೆ ಯಾವಾಗಲೂ ವಾದ. ಅಜ್ಜ ರೈಲ್ವೆ ನೌಕರ, ಕಿಸೆಯ ಪುಸ್ತಕದಲ್ಲಿ 14ನೇ ತಾರೀಖು ರಾತ್ರಿ 12-25 ಎಂದು ಬರೆದಿಟ್ಟಿದ್ದ. ಶಾಲೆಗೆ ಅದೇ ಹೋಯಿತು. ಅಜ್ಜಿ ಸಾಯುವವರೆಗೆ 13 ಎನ್ನುತ್ತಿದ್ದಳು. ಕೇಳಿದರೆ "ಹಳೇ ಟೈಮ್ನ್ಯಾಗ ಹನ್ನೊಂದೂವರಿ ಆಗಿತ್ತವಾ, ನಿಮ್ಮಜ್ಜಂದು ಸರಕಾರದ ಟೈಮು" ಎನ್ನುವಳು. ನಾವು ಮಕ್ಕಳು ನಗುತ್ತಿದ್ದೆವು. ಹಳೇ ಟೈಮ್ ಎಂದರೆ ಅಜ್ಜಿಯ ಭ್ರಮೆ ಎಂದೇ ತಿಳಿದಿದ್ದೆ. ವಾರದ ಬಗ್ಗೆ ಮಾತ್ರ ಇಬ್ಬರಿಗೂ ಜಗಳ ಇರಲಿಲ್ಲ, ಸೋಮವಾರ ರಾತ್ರಿ. ನಮ್ಮಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ. ಜೋಶಿಯವರು ಬರೆದ ಜಾತಕದಲ್ಲಿ ಗಂಟೆಯೇ ಇಲ್ಲ, ಸೂರ್ಯೋದಯದಿಂದ 42 ಘಟಿ ಎಂದಿದೆ. ಒಂದು ಘಟಿಗೆ 24 ನಿಮಿಷದಂತೆ ಲೆಕ್ಕ ಹಾಕಿದೆ. ಮಾರ್ಚ್ 13ರ ಸೂರ್ಯೋದಯಕ್ಕೆ ಕೂಡಿಸಿದರೆ ಐದೂವರೆಯ ಗಡಿಯಾರದಲ್ಲಿ ರಾತ್ರಿ 11-25ರ ಆಸುಪಾಸು, ಅಜ್ಜನ ಆರೂವರೆಯ ಗಡಿಯಾರದಲ್ಲಿ 12-25. ಯುದ್ಧದ ಒಂದು ಗಂಟೆ, ಅಂದರೆ ಎರಡೂವರೆ ಘಟಿ, ಕಳೆಯಬೇಕೆಂದು ಜೋಶಿಯವರಿಗೆ ಗೊತ್ತಿತ್ತು. ನನಗೆ ಎಂಟೆಕ್ ಆಗಿಯೂ ಗೊತ್ತಿರಲಿಲ್ಲ.

ದೊಡ್ಡವ್ವ ಎಲ್ಲ ಕೇಳಿ, "ಹಂಗಾರ ಅವ್ವ ಹೇಳಿದ್ದು ಖರೇ ಇತ್ತನು" ಎಂದು ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ತನ್ನ ಪಿಂಚಣಿಗೆ ಏನೂ ತೊಂದರೆ ಇಲ್ಲ ತಾನೆ ಎಂದು ಕೇಳಿದಳು. ಅವಳದು ಬೇರೆ ಇಲಾಖೆ. ಇಲ್ಲ ಎಂದೆ.

ಸೋಮವಾರ ಕೆಲಸ ಶುರು ಮಾಡಿದೆವು. ಸಂಖ್ಯೆಗಳನ್ನು ನಂಬದೆ, ಸ್ಕ್ಯಾನ್ ಮಾಡಿಟ್ಟಿದ್ದ ಮೂಲ ಅರ್ಜಿಗಳನ್ನು ತೆಗೆಸಿ, ಸಿಕ್ಕಿಬಿದ್ದ ಪ್ರತಿಯೊಬ್ಬರ ದಿನಾಂಕವನ್ನೂ ಕಣ್ಣಾರೆ ನೋಡಿ ಹೋಲಿಸಿ, ಬರಿಯ ದಿನವಾಗಿ ಬರೆದೆವು. ಎರಡು ವಾರ ಹಿಡಿಯಿತು. ಕೋಡಿನಲ್ಲಿ ಒಂದೇ ಸಾಲಿನಲ್ಲಿ ಎಲ್ಲರಿಗೂ ಒಂದು ದಿನ ಕೂಡಿಸಿಬಿಡೋಣ ಎಂದು ಒಬ್ಬ ಹುಡುಗ ಹೇಳಿದ. ಬೇಡ ಎಂದೆ, ಅಂಥ ಒಂದು ಸಾಲಿನಿಂದಲೇ ಇಲ್ಲಿಗೆ ಬಂದದ್ದು. ಸೊಲ್ಲಾಪುರದ ಅಜ್ಜಿಗೆ ಮೂರು ತಿಂಗಳದ್ದು ಒಟ್ಟಿಗೆ ಹೋಯಿತು. ಮೊಮ್ಮಗ ಮತ್ತೆ ಫೋನ್ ಮಾಡಲಿಲ್ಲ.

ಕೊನೆಯ ದಿನ ಸಂಜೆ ಎಲ್ಲರೂ ಹೋದ ಮೇಲೆ ಕುತೂಹಲಕ್ಕೆ ಹೊಸ ಜಾವಾಗೆ 'ಏಷ್ಯಾ/ಮುಂಬೈ' ಎಂದು ಕೊಟ್ಟು ನೋಡಿದೆ. ಅಂಥ ವಲಯ ಗೊತ್ತಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬಂತು. ಹಳೆಯ ವಿಧಾನದಲ್ಲಿ ಅದನ್ನೇ ಕೇಳಿದೆ. ಅದು ಏನೂ ಹೇಳದೆ ಗ್ರೀನಿಚ್ಚಿನ ಸಮಯ ಕೊಟ್ಟಿತು. ಲ್ಯಾಪ್‌ಟಾಪ್ ಮುಚ್ಚಿ, ಕಾರ್ಪೊರೇಶನ್ ಕಟ್ಟಡದ ಮುಂದಿನಿಂದ ರಸ್ತೆ ದಾಟಿ, 9-12ರ ಲೋಕಲ್ ಹಿಡಿದೆ.